ಪೋರ್ಟ್ ಬ್ಲೇರ್ ಬಲ್ಲವನು

“ನಿಮ್ಮ ಮಮ್ಮಿ ಕಾರ್ಬಿನ್ಸ್ ಕೋವ್ ಬೀಚಿನಲ್ಲಿ ಕೂತು, ಉಪ್ಪು ಖಾರ ಹಚ್ಚಿದ ಅಂಬಟೆಕಾಯಿ ತಿನ್ತಿದ್ರಲ್ಲ...”

ಜೆನಿಟಾಳ ನಗು ತಟ್ಟನೆ ಮಾಯವಾಯಿತು.

ಎದುರಿಗಿದ್ದ ರಿಯಾನ್‌ನನ್ನು ಅವಳು ಇವತ್ತೇ ಮೊದಲ ಬಾರಿ ನೋಡಿದ್ದು! ಅರಬ್ ನಾಡಿನ ಬೆಟ್ಟದೂರು ಅಭಾದ ಆಸ್ಪತ್ರೆಯಲ್ಲಿ ಅವಳ ಜೊತೆ ನರ್ಸ್ ಆಗಿರುವ ಮಾಗ್ದಲಿನ್‌ಳ ಮನೆಯಲ್ಲಿ ಊಟವಿತ್ತು. ಅದೇ ನಾಡಿನ ಕರಾವಳಿಯ ರಾಬಿಗ್‌ನಲ್ಲಿ ತೈಲ ರಿಫೈನರಿಯಲ್ಲಿ ಕೆಲಸ ಮಾಡುವ ಮಾಗ್ದಲಿನ್‌ಳ ದೊಡ್ಡಮ್ಮನ ಮಗ ರಿಯಾನ್ ರಜೆಯಲ್ಲಿ ಬಂದಿದ್ದ. ಜೆನಿಟಾ ಅಂಡಮಾನ್‌ನಲ್ಲಿ ಹುಟ್ಟಿದವಳು ಎಂಬ ಮಾತು ಬಂದದ್ದೇ ತಡ, ಅಬರ್ಡೀನ್ ಬಜಾರಿನ ಗಡಿಯಾರ ಗೋಪುರ, ಚಾಥಮ್‌ನ ಮರದ ಮಿಲ್ಲು, ರಾಸ್ ದ್ವೀಪದ ಜಿಂಕೆಗಳು ಎಂದು ಅವನು ಶುರುಮಾಡಿದ್ದ.

ಅದೆಲ್ಲ ಯಾರಿಗಾದರೂ ಗೊತ್ತಿರಬಹುದು. ಆದರೆ ಮಮ್ಮಿಯ ಅಂಬಟೆಕಾಯಿ?

“ಪೋರ್ಟ್ ಬ್ಲೇರಲ್ಲಿ ನೀವು ಎಲ್ಲಿ ಇದ್ದದ್ದು?”

“ನಾನು... ಅಲ್ಲಿಗೆ ಹೋಗಿಯೇ ಇಲ್ಲ.”

“ಮತ್ತೆ ನಿಮಗೆ ಇದನ್ನು ಹೇಳಿದ್ದು ಯಾರು?”

ಅವನು ತಲೆತಗ್ಗಿಸಿದ. ತಟ್ಟೆಯ ಅನ್ನವನ್ನು ಸುಮ್ಮನೆ ಕಲಸತೊಡಗಿದ.

‘ಇವನು ನನ್ನ ಬಗ್ಗೆ ಪತ್ತೇದಾರಿಕೆ ಮಾಡಿದ್ದಾನೆ...’ ಹಿಂದೊಮ್ಮೆ ಸಂಬಂಧ ಕೇಳಿ ಬಂದವರೂ ಊರಿಡೀ ಅವಳ ಬಗ್ಗೆ ವಿಚಾರಿಸಿ, ಇಲ್ಲದ್ದನ್ನು ಹಬ್ಬಿಸಿ ಹೋಗಿದ್ದರು.

ಊಟ ಮುಗಿಸದೆ ಎದ್ದಳು.

ಆಮೇಲೆ ಅವನ ಮೆಸೇಜುಗಳಿಗೆ ಉತ್ತರಿಸಲಿಲ್ಲ. ಮಾಗ್ದಲಿನ್ ಮೇಲೂ ಅನುಮಾನ! “ನೀನೇ ಹೇಳಿದ್ದಾ?” “ಎಂತ ಮಾರಾಯ್ತಿ, ನಿನ್ನ ಮಮ್ಮಿ ವಿಷಯ ನನಗೇ ಗೊತ್ತಿಲ್ಲ!”

ಹೌದು, ಅವಳು ಯಾರಿಗೂ ಹೇಳಿರಲಿಲ್ಲ. ಕಾರ್ ನಿಕೋಬಾರ್‌ಗೆ ಡ್ಯೂಟಿಗೆ ಹೋಗಿದ್ದ ಮಮ್ಮಿಯನ್ನು ಸುನಾಮಿ ಕೊಂಡೊಯ್ದ ಮೇಲೆ ಆ ದ್ವೀಪಗಳ ಹೆಸರೆತ್ತಿದರೆ ಸಾಕು, ಅವಳು ಎದ್ದು ಹೋಗುತ್ತಿದ್ದಳು. ಅಂದು ಊಟದ ಹೊತ್ತಿಗೆ ನಗುನಗುತ್ತಾ ಕೇಳಿಸಿಕೊಂಡದ್ದು ಅವಳಿಗೇ ಆಶ್ಚರ್ಯ...

ಹಾಗಾದರೆ ಉಳಿದದ್ದು ಒಬ್ಬರೇ. ಮಂಗಳೂರಿಗೆ ಫೋನ್ ಹಚ್ಚಿದಳು.

“ಪಪ್ಪಾ, ರಿಯಾನ್ ಅಂದ್ರೆ ಯಾರು?”

ಎಲಿಯಾಸ್ ಈ ಸಲ ಮುಚ್ಚಿಡಲಿಲ್ಲ.

“ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದಾಗ ಚರ್ಚಿನಲ್ಲಿ ಪರಿಚಯವಾಗಿ, ನನ್ನನ್ನು ಕಣ್ಣಿನ ಆಪರೇಷನ್‌ಗೆ ಕರ್ಕೊಂಡು ಹೋದ ಹುಡುಗ. ಈಗ ಸಂಜೆ ಫೋನ್ ಮಾಡ್ತಾನೆ. ಅಂಡಮಾನ್ ಅಂದ್ರೆ ನೀನು ಫೋನ್ ಇಡ್ತೀಯಲ್ಲ ಬಾಯೆ... ಅವನು ಕೇಳ್ತಾನೆ. ನಿನಗೆ ಬೇಜಾರಾದೀತು, ಹೇಳ್ಬೇಡ ಅಂತ ನಾನೇ ಅವನಿಂದ ಮಾತು ತಗೊಂಡದ್ದು.”

ಜೆನಿಟಾ ಗೋಡೆಗೆ ಒರಗಿದಳು. ಕಳೆದುಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ! ಪಪ್ಪನ ಮಾತಿಗೆ ಹೊರಗಿನವನೊಬ್ಬ ಕಿವಿಯಾಗಬೇಕಾಯಿತೇ?

“ಪಪ್ಪಾ... ಈಗ ಹೇಳಿ. ನಾನು ಫೋನ್ ಇಡುವುದಿಲ್ಲ.”

ಅವರು ಹೇಳಿದರು. ಇಬ್ಬರೂ ಅತ್ತರು.

ಮರುವಾರ ಅವಳ ಕರೆಗೆ ರಿಯಾನ್ ಅಭಾಕ್ಕೆ ಬಂದ. ಬೆಟ್ಟದಂಚಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಕೆಳಗೆ ಕಣಿವೆ ತುಂಬ ಮಂಜು.

“ಸಾರಿ. ನಿಮ್ಮನ್ನು ಕಳ್ಳನ ಹಾಗೆ ನೋಡಿದೆ.”

“ಮಾತು ಕೊಟ್ಟು ತಪ್ಪಿದ್ದು ನಾನು. ನೀವು ನಗುವುದು ಕಂಡು ಬಾಯಿ ಜಾರಿತು.”

“ನೀವು ಫೋನ್ ಮಾಡ್ತಿದ್ದದ್ದು ಪಪ್ಪನಿಗೋಸ್ಕರ ಮಾತ್ರವಾ?”

“ಮೊದಲು ಹೌದು... ಆಮೇಲೆ, ಅಂಕಲ್ ಹೇಳುವಾಗ ಎಲ್ಲಿಯಾದ್ರೂ ನಿಮ್ಮ ಹೆಸರು ಬರ್ಲಿ ಅಂತ ಕಾಯ್ತಿದ್ದೆ.”

ಅವಳ ಕೆನ್ನೆ ಬಿಸಿಯಾಯಿತು.

“ಇನ್ನು ಕಾಯ್ಬೇಡ. ನನ್ನ ಬಗ್ಗೆ ಎಂತ ಕೇಳ್ಬೇಕೋ ನನ್ನನ್ನೇ ಕೇಳು.”

‘ಕೇಳು’ ಎಂದಳು, ‘ಕೇಳಿ’ ಎನ್ನಲಿಲ್ಲ!

“ಜೆನಿ... ನನ್ನನ್ನು ಮದುವೆ ಆಗ್ತೀಯಾ?”

ಅವಳು ಕಣ್ಣು ಕಿರಿದಾಗಿಸಿದಳು. “ಪಪ್ಪನ ಹತ್ರ ಇದನ್ನೂ ಮೊದಲೇ ಮಾತಾಡಿ ಇಟ್ಟಿದ್ದೀಯಾ?”

“ಇಲ್ಲ ಮಾರಾಯ್ತಿ, ಸತ್ಯವಾಗಿ!”

“ಹಾಗಾದ್ರೆ... ಹೂಂ.”