ಬಂಪರಿನಲ್ಲಿ ಸಿಕ್ಕಿಕೊಂಡ ರಿಬ್ಬನ್

“ಕೆಂಪು ಕೊಕ್ಕೆನೇ ಇರ್ಲಿ ಅಮ್ಮಾ! ಕಿತ್ತಳೆ ಹಗ್ಗಕ್ಕೆ ಸೂಪರ್ ಮ್ಯಾಚು!”

ಗಾಡಿ ಸಾಮಾನಿನ ಅಂಗಡಿಯ ಕೌಂಟರಿನ ಮೇಲೆ ಗುಂಡುಸೂಜಿ ಅರ್ಧ ಹತ್ತಿಯೇ ಬಿಟ್ಟಿದ್ದಳು. ಸಣಕಲು ಮೈ, ಚೂಪು ನಾಲಿಗೆ. ಕ್ಲಾಸಿನವರು ಸುಮ್ಮನೆ ಆ ಹೆಸರಿಟ್ಟಿರಲಿಲ್ಲ.

ಅವಳ ಅಮ್ಮ ಟ್ರಕ್ ಡ್ರೈವರ್. ಕಾಡುದಾರಿಯ ಕೆಸರಿನಲ್ಲಿ ಹೂತ ಗಾಡಿಗಳನ್ನು ಎಳೆದು ತೆಗೆಯುವ ಕೆಲಸ. ಟ್ರಕ್ಕಿನ ಬಂಪರಿನೊಳಗೆ ವಿಂಚ್ ಕೂತಿತ್ತು. ಅದರ ಮೋಟಾರು ತಿರುಗಿದರೆ ಹಗ್ಗ ಸುತ್ತಿಕೊಳ್ಳುತ್ತದೆ, ಹೂತ ಗಾಡಿ ಮೇಲೆ ಬರುತ್ತದೆ. ಇವತ್ತು ಅದರ ಹಳೆಯ ಉಕ್ಕಿನ ಹಗ್ಗ ತೆಗೆದು ಹೊಸ ಸಿಂಥೆಟಿಕ್ ಹಗ್ಗ ಹಾಕಿಸಬೇಕಿತ್ತು.

ಆದರೆ ಟ್ರಕ್ಕು ಅಮ್ಮನದಲ್ಲ. ಓನರ್ ಅಂಕಲ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಮುಂದೆ ಆರು ಲೈಟು ಹಾಕಪ್ಪಾ. ರಸ್ತೆಲಿ ಹೋದ್ರೆ ಜನ ತಿರುಗಿ ನೋಡ್ಬೇಕು.”

ಅಮ್ಮ ಒಂದು ಜೊತೆ ಚರ್ಮದ ಗ್ಲೌಸ್ ಎತ್ತಿಕೊಂಡಳು.

“ಅದ್ಯಾಕಮ್ಮಾ? ಇಷ್ಟು ದಿನ ಇಲ್ದೇ ನಡೀಲಿಲ್ವಾ?” ಎಂದರು ಓನರ್.

ಅಮ್ಮ ಅದನ್ನು ಅಲ್ಲೇ ಇಟ್ಟಳು.

“ಒಳ್ಳೆ ಅಡುಗೆಮನೆ ಮಸಿಬಟ್ಟೆ ಥರ ಇದೆ!” ಎಂದು ಗುಂಡುಸೂಜಿಯೂ ನಕ್ಕಳು.

ಅಂಗಡಿಯಣ್ಣ ತಲೆ ಕೆರೆದುಕೊಂಡ. “ಸಾರ್, ಹಗ್ಗ ಹೊರಗೆ ಬರೋ ಉರುಳೆಗಳನ್ನೂ ಬದಲಾಯಿಸ್ಬೇಕು. ಉಕ್ಕಿನ ಹಗ್ಗ ಉಜ್ಜಿ ಉಜ್ಜಿ ಅವು ತರಚಿರ್ತವೆ.”

“ಏನೂ ಆಗಲ್ಲ ಬಿಡು. ಲೈಟು ತೋರ್ಸು.”

ಗುಂಡುಸೂಜಿ ಹೊರಗೆ ಓಡಿದಳು. ಜಡೆಯ ನೀಲಿ ರಿಬ್ಬನ್ ಬಿಚ್ಚಿ, ಬಂಪರಿನ ಉರುಳೆಗಳ ನಡುವೆ ತೂರಿಸಿ ಎಳೆದಳು.

ಚರ್!

“ಅಂಕಲ್, ಬನ್ನಿ ಇಲ್ಲಿ!”

ಎಲ್ಲರೂ ಬಂದು ನೋಡಿದರು. ರಿಬ್ಬನ್ನಿನ ಅಂಚು ಎಳೆ ಎಳೆಯಾಗಿತ್ತು.

“ಹೊಸ ಹಗ್ಗಾನೂ ಹಿಂಗೇ ಹರಿಯುತ್ತೆ. ಆಗ ಪಕ್ಕದಲ್ಲಿ ಯಾರು ನಿಂತಿರ್ತಾರೆ? ನೀವಾ, ನಮ್ಮಮ್ಮನಾ?”

“ಏನು ಬಾಯಮ್ಮಾ ನಿನ್ನ ಮಗಳದ್ದು!”

ಅಮ್ಮ ಗದರಿಸುತ್ತಾಳೆ ಎಂದು ಗುಂಡುಸೂಜಿ ಕಣ್ಣು ಕಿರಿದು ಮಾಡಿಕೊಂಡಳು. ಅಮ್ಮ ಗದರಿಸಲಿಲ್ಲ. ಜೇಬಿನಿಂದ ಕೀ ತೆಗೆದು ಬಂಪರಿನ ಮೇಲಿಟ್ಟಳು.

“ಸರಿಯಾಗೇ ಕೇಳಿದ್ಲು ಸಾರ್. ನುಣ್ಣಗಿರೋದು ಹಾಕ್ಸಿ. ಇಲ್ಲಾಂದ್ರೆ ಕೀ ಇಲ್ಲಿದೆ, ನೀವೇ ಓಡ್ಸಿ.”

ಓನರ್ ಕೀಯನ್ನು ನೋಡಿದರು. ಆ ಟ್ರಕ್ಕಿನ ರಿವರ್ಸ್ ಗೇರು ಯಾವ ಕಡೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

“ಆಯ್ತು ಆಯ್ತು. ಲೈಟು ಎರಡು ಸಾಕು. ಆ ನುಣ್ಣಗಿರೋದನ್ನೇ ಹಾಕಪ್ಪಾ,” ಎಂದು ಗೊಣಗುತ್ತ ಒಳಗೆ ಹೋದರು.

ಅಂಗಡಿಯಣ್ಣ ಉರುಳೆಗಳನ್ನು ಕಿತ್ತು, ಆ ಜಾಗಕ್ಕೆ ಹಗ್ಗ ಜಾರಿ ಬರುವಂಥ ನಯವಾದ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿದ. ಗುಂಡುಸೂಜಿ ಮತ್ತೆ ರಿಬ್ಬನ್ ತೂರಿಸಿದಳು. ಈ ಸಲ ಅದು ಸದ್ದಿಲ್ಲದೆ ಜಾರಿ ಬಂತು.

“ಪಾಸ್!” ಎಂದು ಕೂಗಿದಳು.

“ಬಾರೇ ಇನ್‌ಸ್ಪೆಕ್ಟರಮ್ಮ, ಜಡೆ ಬಿಚ್ಚೋಗಿದೆ.”

ಅಮ್ಮ ರಿಬ್ಬನ್ ಹಿಡಿದು ಕಟ್ಟತೊಡಗಿದಳು. ಕಿವಿಯ ಹಿಂದೆಯೇ ಅದೇ ಸದ್ದು ಕೇಳಿಸಿತು.

ಚರ್!

ಗುಂಡುಸೂಜಿ ತಿರುಗಿ ಅಮ್ಮನ ಅಂಗೈ ಬಿಡಿಸಿ ನೋಡಿದಳು. ರಿಬ್ಬನ್ನಿನ ನೀಲಿ ಎಳೆಯೊಂದು ಅಲ್ಲಿ ಸಿಕ್ಕಿಕೊಂಡಿತ್ತು. ಉರುಳೆಗಳ ಮೇಲಿದ್ದಂಥದೇ ಗೀರುಗಳು. ಅದೇ ಉಕ್ಕಿನ ಹಗ್ಗದವು.

ಅವಳು ನೆಟ್ಟಗೆ ಒಳಗೆ ಹೋಗಿ ಗ್ಲೌಸ್ ಎತ್ತಿ ಹಗ್ಗದ ಪಕ್ಕ ಇಟ್ಟಳು.

“ಅಣ್ಣಾ, ಇದ್ರಲ್ಲಿ ನಮ್ಮಮ್ಮನ ಸೈಜ್ ಕೊಡಿ.”

ಓನರ್ ಅಂಕಲ್ ಬಾಯಿ ತೆರೆದರು. ಬಾಗಿಲಾಚೆ, ಬಂಪರಿನ ಮೇಲೆ ಕೀ ಇನ್ನೂ ಹಾಗೇ ಇತ್ತು.

ಅವರು ಬಾಯಿ ಮುಚ್ಚಿಕೊಂಡರು.