ಹಸಿರು ನೂಲಿನ ಗ್ಲೌಸ್

ಮೊದಲು ಕೇಳಿಸಿದ್ದು ಕಿರುಚಾಟ. ಆಮೇಲೆ ಓಡುವ ಬೂಟುಗಳ ಸದ್ದು.

ಇನ್‌ಸ್ಪೆಕ್ಟರ್ ಗೇಟಿನ ಬಳಿ ನಿಂತಿದ್ದಳು. ಬೆಳಗಿನ ಅಭ್ಯಾಸ ನಡೆದಿತ್ತು, ಫುಟ್‌ಬಾಲ್ ಪಂದ್ಯ ಸಂಜೆಗೆ. ಜನ ಸೇರುವ ಮುಂಚೆ ಒಂದು ಸುತ್ತು ನೋಡಿ ಹೋಗೋಣವೆಂದು ಬಂದವಳು. ಕಿರುಚಾಟ ಕೇಳಿದ್ದೇ ಮೈದಾನಕ್ಕೆ ಓಡಿದಳು.

ಗೋಲ್ ಕಂಬದ ಬುಡದಲ್ಲಿ ತಂಡದ ದೊಡ್ಡ ಕೀಪರ್ ಮಂಡಿಯೂರಿ ಕುಳಿತಿದ್ದ. ಎಲ್ಲರ ಬಾಯಲ್ಲೂ ಅವನು ದೊಡ್ಡಣ್ಣ. ಮರದ ಬೊಡ್ಡೆಯಂಥ ಆಳು. ಈಗ ಎರಡೂ ಕೈ ಮುಂದೆ ಚಾಚಿಕೊಂಡು ಎಳೆಮಗುವಿನ ಹಾಗೆ ಅಳುತ್ತಿದ್ದ. ಅಂಗೈ ಬೆಂದು ಕೆಂಪಾಗಿತ್ತು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬಂದಿತ್ತು.

ಪಕ್ಕದಲ್ಲಿ ಹೊಚ್ಚ ಹೊಸ ಗ್ಲೌಸ್ ಬಿದ್ದಿದ್ದವು. ಅವಳು ಕರವಸ್ತ್ರ ಸುತ್ತಿ ಒಂದನ್ನು ಎತ್ತಿದಳು. ಒಳಗೆ ಬಿಳಿ ಪುಡಿ. ಒದ್ದೆಯಾಗಿ ಗಂಟುಕಟ್ಟಿ ಇನ್ನೂ ಬಿಸಿ ಉಗುಳುತ್ತಿತ್ತು.

ಸುಟ್ಟ ಸುಣ್ಣ. ಮೈದಾನದ ಗೆರೆ ಬಳಿಯಲು ನೀರಿಗೆ ಕಲಸುವ ಸುಣ್ಣ. ಒಣಗಿದ್ದರೆ ಬೆಕ್ಕಿನ ಹಾಗೆ ಸುಮ್ಮನಿರುತ್ತದೆ. ನೀರು ತಾಗಿತೋ, ಕುದಿಯುತ್ತದೆ. ಕೀಪರುಗಳಿಗೋ ಚೆಂಡು ಜಾರದಿರಲೆಂದು ಗ್ಲೌಸಿಗೆ ನೀರು ಸುರಿದುಕೊಳ್ಳುವ ಅಭ್ಯಾಸ. ಇದನ್ನು ಮಾಡಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಯಾರು ಅಂತ ಹುಡುಕೋದೇನೂ ಇಲ್ಲ ಮೇಡಂ," ಎಂದ ತಂಡದ ಮ್ಯಾನೇಜರ್, ದೊಡ್ಡಣ್ಣನನ್ನು ಆಸ್ಪತ್ರೆಗೆ ಕಳಿಸುವ ಹೊತ್ತಿಗೆ ಏದುಸಿರು ಬಿಡುತ್ತ ಬಂದು. "ಸಿಕ್ಕಾಯ್ತು. ಸಾಮಾನಿನ ಕೋಣೇಲಿ ಹಾಕಿ ಬೀಗ ಜಡಿದಿದ್ದೀನಿ."

"ಯಾರನ್ನ?"

"ಇನ್ಯಾರನ್ನ? ಗಡೀನ."

*

ಗಡಿ ಎಂದರೆ ಎರಡನೇ ಕೀಪರ್. ಗಡಿ ದಾಟಿ ಬಂದವನು, ಆದ್ದರಿಂದ ಗಡಿ. ಅಪ್ಪ ಅಮ್ಮ ಇಟ್ಟ ಹೆಸರನ್ನು ಕೇಳುವ ತಾಳ್ಮೆ ಇಲ್ಲಿ ಯಾರಿಗೂ ಇರಲಿಲ್ಲ.

ಅವನ ಊರು ಯುದ್ಧದಲ್ಲಿ ಬೂದಿಯಾಯಿತು. ಅಕ್ಕ ಅವನ ಕೈ ಹಿಡಿದು ಬೆಟ್ಟ ದಾಟಿಸಿದಳು. ಮುಳ್ಳುತಂತಿಯ ಹಿಂದಿನ ನಿರಾಶ್ರಿತರ ಶಿಬಿರದಲ್ಲಿ ಎರಡು ಕಲ್ಲಿನ ನಡುವೆ ನಿಂತು ಚೆಂಡು ಹಿಡಿಯುವುದನ್ನು ಕಲಿತ. ಈ ಕ್ಲಬ್ಬಿಗೆ ಬಂದದ್ದು ಆಟಗಾರನಾಗಿ ಅಲ್ಲ, ಗೆರೆ ಬಳಿಯುವ ಕೂಲಿಯಾಗಿ. ಒಂದು ದಿನ ಅಭ್ಯಾಸಕ್ಕೆ ಎರಡನೇ ಕೀಪರ್ ಬರಲಿಲ್ಲ. ಸುಣ್ಣದ ಬಕೆಟ್ ಪಕ್ಕಕ್ಕಿಟ್ಟು ಇವನು ನಿಂತ. ಅವತ್ತು ಯಾರಿಗೂ ಗೋಲು ಸಿಗಲಿಲ್ಲ.

ಇವತ್ತಿನ ಪಂದ್ಯ ಸರಿಯಾಗಿ ಮುಗಿದರೆ ಅವನಿಗೆ ವೃತ್ತಿ ಆಟಗಾರನ ಒಪ್ಪಂದ. ಒಪ್ಪಂದವಾದರೆ ಅವನಿಗೂ ಅಕ್ಕನಿಗೂ ಈ ದೇಶದಲ್ಲಿ ಉಳಿಯುವ ಪರವಾನಗಿ. ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದಂತೆ. ಈ ಅಕ್ಕ ತಮ್ಮನ ಪ್ರಾಣ ಆ ಪರವಾನಗಿಯಲ್ಲಿತ್ತು.

"ಪರವಾನಗಿ ಕಚೇರಿಗೂ ಫೋನ್ ಮಾಡಿ ಹೇಳ್ಬಿಟ್ಟೆ," ಎಂದ ಮ್ಯಾನೇಜರ್. "ನಮ್ಮ ಎರಡನೇ ಕೀಪರಿಗೆ ಪರವಾನಗಿ ಕೊಡಬೇಡಿ, ಅಪರಾಧಿ ಅಂತ. ಹಾವಿಗೆ ಹಾಲೆರೆದ್ವಿ ಮೇಡಂ, ಹಾವಿಗೆ!"

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. "ಪೊಲೀಸರು ನಾನೋ ನೀವೋ?"

"ಅಲ್ಲ ಮೇಡಂ, ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದೆಯಲ್ಲ..."

"ಬೀಗದ ಕೈ ಕೊಡಿ."

*

ಆದರೆ ನಿಜ ಹೇಳಬೇಕೆಂದರೆ, ಸಾಕ್ಷಿ ಎಲ್ಲ ಗಡಿಯ ಕಡೆಗೇ ಬೆರಳು ತೋರಿಸುತ್ತಿತ್ತು.

ತಂಡದ ಸಾಮಾನು, ಮೈದಾನ ಎರಡನ್ನೂ ನೋಡಿಕೊಳ್ಳುವವನು ಕಿಟ್ ಮಾಮ. ಇನ್‌ಸ್ಪೆಕ್ಟರ್ ಅವನನ್ನು ಕರೆಸಿದಳು. ಸುಣ್ಣ ಮೆತ್ತಿದ ಗ್ಲೌಸಿನ ಮಣಿಕಟ್ಟಿನ ಪಟ್ಟಿ ಮಗುಚಿ ನೋಡಿದ್ದೇ ಅವನ ಮುಖ ಬಾಡಿತು.

"ಇದು ದೊಡ್ಡಣ್ಣಂದಲ್ಲ ಮೇಡಂ. ಪಂದ್ಯದ ದಿನ ಇಬ್ಬರಿಗೂ ಹೊಸ ಜೊತೆ ಕೊಡ್ತೀನಿ. ಒಂದೇ ಬಣ್ಣ, ಒಂದೇ ಅಳತೆ. ಗುರುತಿಗೆ ಪಟ್ಟಿಯೊಳಗೆ ನೂಲು ಹೊಲೀತೀನಿ. ದೊಡ್ಡಣ್ಣಂಗೆ ಕೆಂಪು, ಗಡಿಗೆ ಹಸಿರು. ಇದು ಹಸಿರು."

"ಹಾಗಾದ್ರೆ ದೊಡ್ಡಣ್ಣನ ಕೈಗೆ ಹೇಗೆ ಬಂತು?"

ಕಿಟ್ ಮಾಮ ಗ್ಲೌಸ್ ವಾಪಸ್ ಕೊಟ್ಟು ಹೊರಡಲು ನೋಡಿದ.

"ಬಾಯಿ ಬಿಡಿ ಮಾಮ."

"ಎಲ್ಲರೂ ತಿಂಡಿಗೆ ಹೋಗಿದ್ದಾಗ ಗಡಿ ದೊಡ್ಡಣ್ಣನ ಜಾಗದ ಹತ್ರ ನಿಂತಿದ್ದ. ಗ್ಲೌಸ್ ಅದಲು ಬದಲು ಮಾಡ್ತಿದ್ದ. ನಾನೇ ನೋಡಿದೆ. ಏನೋ ಹುಡುಗಾಟ ಅಂದ್ಕೊಂಡೆ."

"ನೋಡಿದ್ರಾ?" ಮ್ಯಾನೇಜರ್ ತೊಡೆ ತಟ್ಟಿದ. "ಸುಣ್ಣದ ಕೆಲಸ ಮಾಡಿದವನು. ಗ್ಲೌಸ್ ಇಟ್ಟವನು. ದೊಡ್ಡಣ್ಣ ಬಿದ್ರೆ ಗೋಲಲ್ಲಿ ನಿಲ್ಲೋನು. ಇನ್ನೇನು ಬೇಕು?"

"ಸುಣ್ಣದ ಮೂಟೆಗೆ ಬೀಗ ಇದ್ಯಾ ಮಾಮ?"

"ಎಲ್ಲಿಯ ಬೀಗ? ಹೊರಗೇ ಇರುತ್ತೆ. ಯಾರು ಬೇಕಾದ್ರೂ ಮುಟ್ಟಬಹುದು. ಅದಕ್ಕೇ ಎಲ್ಲರಿಗೂ ಬಾಯಿ ಬಡ್ಕೊಂಡು ಹೇಳಿರ್ತೀನಿ. ಮೈಗೆ ತಾಗಿದ್ರೆ ನೀರು ಹಾಕ್ಬೇಡಿ, ಮೊದಲು ಒಣಬಟ್ಟೇಲಿ ಒರೆಸಿ, ಆಮೇಲೆ ಧಾರಾಳ ನೀರು ಅಂತ."

*

ಸಾಮಾನಿನ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಕೊಡೆಯ ಕಡ್ಡಿಯಂತೆ ತೆಳ್ಳಗಿದ್ದ ಯುವಕ ಚೆಂಡಿನ ಬಲೆಯ ಮೇಲೆ ಕುಳಿತಿದ್ದ. ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

"ಗ್ಲೌಸ್ ಬದಲಾಯಿಸಿದ್ದು ನೀನೇನಾ?"

ಅವನು ಬಲೆಯ ಗಂಟು ಬಿಚ್ಚತೊಡಗಿದ.

"ನೋಡಪ್ಪಾ, ಸುಮ್ಮನಿದ್ರೆ ನಿಂಗೇ ಕಷ್ಟ."

"ಮಾತಾಡಿದ್ರೆ ಸುಖಾನಾ ಮೇಡಂ?" ಅವನು ತಟ್ಟನೆ ಎದ್ದು ನಿಂತ. "ಊರಲ್ಲಿ ಮನೆ ಸುಟ್ಟವರೂ ಕೇಳಿದ್ರು, ನಿಜ ಹೇಳು ಅಂತ. ಗಡೀಲಿ ತಡೆದವರೂ ಕೇಳಿದ್ರು. ಶಿಬಿರದಲ್ಲಿ ಬಂದವರೆಲ್ಲ ಕೇಳಿದ್ರು. ಹೇಳಿ ಹೇಳಿ ನಾಲಿಗೆ ಸವೆದುಹೋಯ್ತು. ಒಬ್ಬರಾದ್ರೂ ನಂಬಿದ್ರಾ?"

"ನಾನಿನ್ನೂ ಕೇಳೇ ಇಲ್ವಲ್ಲ. ಮೊದಲು ಹೇಳು, ಆಮೇಲೆ ಬೈಯಿ."

ಅವನು ಗೋಡೆಗೆ ಒರಗಿದ.

"ಶಿಬಿರದಲ್ಲಿ ನಮಗೊಂದು ರೂಢಿ. ಮೊದಲ ಸಲ ದೊಡ್ಡ ಆಟಕ್ಕೆ ನಿಲ್ಲೋ ಕೀಪರ್, ಹಿರೀ ಕೀಪರಿನ ಗ್ಲೌಸ್ ಹಾಕ್ಕೋಬೇಕು. ತನ್ನದನ್ನ ಅವರ ಜಾಗದಲ್ಲಿ ಇಡ್ಬೇಕು. ಹೇಳಬಾರ್ದು, ಸುಮ್ನೆ ಮಾಡ್ಬೇಕು. ಹಿರಿಯರ ಕೈ ನಮ್ಮ ಬೆನ್ನಿಗಿರುತ್ತೆ ಅಂತ. ನಂಗೆ ಅಣ್ಣ ಇಲ್ಲ ಮೇಡಂ. ದೊಡ್ಡಣ್ಣನ್ನೇ ಅಣ್ಣ ಅಂದ್ಕೊಂಡಿದ್ದೆ."

"ಒಳಗೆ ಪುಡಿ ನೋಡ್ಲಿಲ್ವಾ?"

"ಮಡಚಿದ್ದು ಮಡಚಿದ ಹಾಗೇ ಇಟ್ಟೆ. ಇದನ್ನ ಹೇಳಿದ್ರೆ ಏನಂತಾರೆ? ವಿಷ ಇಟ್ಟೋನು ಪೂಜೆ ಕಥೆ ಹೇಳ್ತಾನೆ ಅಂತಾರೆ."

ಇನ್‌ಸ್ಪೆಕ್ಟರ್ ಅವನ ಒಂದು ಮಾತನ್ನು ಹಿಡಿದುಕೊಂಡಳು. "ಮೊದಲ ಸಲ ನಿಲ್ಲೋ ಕೀಪರ್ ಅಂದೆ. ಇವತ್ತು ಆಡೋದು ದೊಡ್ಡಣ್ಣ ಅಲ್ವಾ?"

"ಅಲ್ಲ, ನಾನು. ಕೋಚ್ ನಿನ್ನೇನೇ ಹೇಳಿದ್ರು."

*

ಕೋಚ್ ತನ್ನ ಕೋಣೆಯಲ್ಲಿ ಸುಮ್ಮನೆ ಬೂಟಿನ ಲೇಸು ಕಟ್ಟಿ ಬಿಚ್ಚಿ ಮಾಡುತ್ತಿದ್ದ.

"ಹೌದು ಮೇಡಂ. ಇವತ್ತು ಗಡೀನೇ ಆಡ್ಬೇಕಿತ್ತು. ದೊಡ್ಡ ಕ್ಲಬ್ಬಿನವರು ಅವನನ್ನ ನೋಡೋಕೆ ಬರ್ತಿದಾರೆ, ಹಿಡಿಸಿದ್ರೆ ಒಪ್ಪಂದ, ಅದಕ್ಕೇ."

"ಯಾರ್‍ಯಾರಿಗೆ ಗೊತ್ತಿತ್ತು?"

"ಇಬ್ಬರು ಕೀಪರ್‌ಗಳಿಗೆ ಮಾತ್ರ. ಒಟ್ಟಿಗೆ ಕೂರಿಸಿ ಹೇಳಿದೆ."

"ಆಡೋ ಜಾಗ ಮೊದಲೇ ಸಿಕ್ಕಿದವನು, ಆ ಜಾಗಕ್ಕಾಗಿ ಇನ್ನೊಬ್ಬನ ಕೈ ಯಾಕೆ ಸುಡ್ತಾನೆ? ಇಷ್ಟು ನಿಮಗೆ ಹೊಳೀಲಿಲ್ವಾ?"

"ಹೊಳೀತು. ಆದ್ರೆ ಮ್ಯಾನೇಜರ್ ಅಷ್ಟು ಗಟ್ಟಿಯಾಗಿ ಹೇಳ್ತಿದ್ರಲ್ಲ. ನನ್ನನ್ನ ಯಾರೂ ಕೇಳ್ಲಿಲ್ಲ..."

"ಕೇಳ್ಲಿಲ್ಲ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಾ?" ಅವಳು ಮೇಜು ಗುದ್ದಿದ ಪೆಟ್ಟಿಗೆ ಲೋಟ ಉರುಳಿತು. "ಆ ಹುಡುಗ ಅಲ್ಲಿ ಕತ್ತಲೇಲಿ ಕೂತಿದಾನೆ. ನೀವಿಲ್ಲಿ ಲೇಸು ಕಟ್ತಿದೀರಿ. ಥೂ!"

ಕೋಚ್ ಉರುಳಿದ ಲೋಟ ಎತ್ತಿಟ್ಟ.

ಹೊರಗೆ ಬಂದವಳಿಗೆ ಫಿಸಿಯೋ ಎದುರಾದಳು. ಆಟಗಾರರ ಉಳುಕು, ನೋವು ನೋಡಿಕೊಳ್ಳುವ ಹೆಂಗಸು. ಮೊದಲು ದೊಡ್ಡಣ್ಣನ ಬಳಿ ಓಡಿದವಳು ಅವಳೇ.

"ಅವನು ಕಿರುಚಿದಾಗ ನಿಮಗೇನನ್ನಿಸ್ತು?"

"ಗ್ಲೌಸೊಳಗೆ ಚೇಳಿತ್ತೇನೋ ಅಂದ್ಕೊಂಡೆ ಮೇಡಂ. ಉರಿ ಉರಿ ಅಂತಿದ್ದ. ನೀರಿನ ಬಕೆಟ್ ಎತ್ಕೊಂಡು ಓಡಿದೆ. ನನಗೇ ಒದೆಯೋಕೆ ಬಂದ ನೋಡಿ! 'ನೀರು ಬೇಡ, ಒಣಬಟ್ಟೆ ತಾ, ಮೊದಲು ಒರೆಸು' ಅಂತ."

"ಆಗ ಗ್ಲೌಸ್ ಬಿಚ್ಚಿದ್ರಾ?"

"ಎಲ್ಲಿ ಬಿಚ್ಚೋದು? ಕೈಯಲ್ಲೇ ಇತ್ತು. ನಾನು ಎಳೆದ ಮೇಲೇ ಪುಡಿ ಕಂಡಿದ್ದು."

ಇನ್‌ಸ್ಪೆಕ್ಟರ್ ಒಂದು ಗಳಿಗೆ ಕಣ್ಣು ಮುಚ್ಚಿದಳು. ಚೆಲ್ಲಾಪಿಲ್ಲಿಯಾಗಿದ್ದ ಮಣಿಗಳೆಲ್ಲ ಒಂದೇ ದಾರಕ್ಕೆ ಬಂದು ಕೂತವು.

*

ಪಂದ್ಯಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ತಂಡವಿಡೀ ಸೇರಿತ್ತು. ದೊಡ್ಡಣ್ಣ ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ನೇರ ಇಲ್ಲಿಗೇ ಬಂದಿದ್ದ. ಎಂಥಾ ಗುಂಡಿಗೆ ಅಂತ ಎಲ್ಲರೂ ಹೊಗಳುತ್ತಿದ್ದರು. ಗಡಿಯನ್ನು ಕರೆತಂದಾಗ ಹೊಗಳಿಕೆ ನಿಂತು ಗೊಣಗಾಟ ಶುರುವಾಯಿತು.

"ದೊಡ್ಡಣ್ಣ, ನಿಮಗೊಂದು ವಿಷಯ ಗೊತ್ತಿಲ್ಲ," ಎಂದಳು ಇನ್‌ಸ್ಪೆಕ್ಟರ್. "ನೀವು ಹಾಕ್ಕೊಂಡಿದ್ದು ನಿಮ್ಮ ಗ್ಲೌಸಲ್ಲ. ಹಸಿರು ನೂಲಿಂದು. ಇವನು ಬೆಳಿಗ್ಗೆ ಬದಲಾಯಿಸಿದ್ದ."

ದೊಡ್ಡಣ್ಣ ಬೆಂಚಿನಿಂದ ಜಿಗಿದೆದ್ದ. "ಅವನದನ್ನ ನನ್ನ ಜಾಗದಲ್ಲಿ ಇಟ್ನಾ? ಹಲ್ಕಾ! ಅದಕ್ಕೇ ಮತ್ತೆ, ನಾನು ಅಷ್ಟು..."

ಅವನು ಪಟ್ಟಿ ಕಟ್ಟಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಹೇಳಿ. ಅಷ್ಟು ಏನು? ಅಷ್ಟು ನೋಡಿ ಸುಣ್ಣ ಹಾಕಿದ್ದು ಹೇಗೆ ತಪ್ತು ಅಂತಾನಾ?"

"ಮೇಡಂ, ಏನು ಮಾತು ಅಂತ ಆಡ್ತೀರಿ?" ಮ್ಯಾನೇಜರ್ ನಡುವೆ ಬಂದ. "ಸುಟ್ಟಿರೋದೇ ಅವನ ಕೈ!"

"ಹೌದು, ಸುಟ್ಟಿದ್ದು ಅವನ ಕೈ. ಸುಣ್ಣ ಹಾಕಿದ್ದೂ ಅದೇ ಕೈ. ಇವತ್ತು ಗಡಿ ಆಡ್ತಾನೆ ಅಂತ ಗೊತ್ತಿದ್ದಿದ್ದು ಕೋಚ್ ಬಿಟ್ರೆ ಇಬ್ಬರಿಗೆ. ಗಡಿಗೆ ಜಾಗ ಸಿಕ್ಕಿತ್ತು. ಜಾಗ ಹೋಗಿದ್ದು ದೊಡ್ಡಣ್ಣಂದು. ಗಡಿಯ ಗ್ಲೌಸಿಗೆ ಇವರು ಸುಣ್ಣ ಸುರಿದ್ರು. ಆ ಹುಡುಗ ಇವರನ್ನ ಅಣ್ಣ ಅಂದ್ಕೊಂಡು, ಇವರ ಆಶೀರ್ವಾದ ಇರ್ಲಿ ಅಂತ, ಇವರ ಗ್ಲೌಸ್ ತಾನು ತಗೊಂಡು ತನ್ನದನ್ನ ಇಲ್ಲಿಟ್ಟ. ಇವರು ತೋಡಿದ ಗುಂಡಿಗೆ ಇವರನ್ನ ಕೆಡವಿದ್ದು ಅವನ ಮರ್ಯಾದೆ."

"ಸುಣ್ಣ ಇರೋದು ಗೊತ್ತಾಗಿಯೇ ಗಡಿ ಬದಲಾಯಿಸಿರಬಹುದಲ್ವಾ?" ಮ್ಯಾನೇಜರ್ ಇನ್ನೂ ಬಿಡಲಿಲ್ಲ.

"ಗೊತ್ತಾಗಿದ್ರೆ ನಿಮಗೇ ತಂದು ತೋರಿಸಿ ದೂರು ಕೊಡ್ತಿದ್ದ. ಅದೂ ಹೋಗ್ಲಿ. ಕೈ ಉರಿದ್ರೆ ಯಾರಾದ್ರೂ ನೀರು ಕೇಳ್ತಾರೆ. ಫಿಸಿಯೋ ನೀರು ತಂದ್ರೆ ದೊಡ್ಡಣ್ಣ ಒದೆಯೋಕೆ ಹೋದ್ರು. ಒಣಬಟ್ಟೆ ಕೇಳಿದ್ರು. ಸುಣ್ಣಕ್ಕೆ ಮಾಡ್ಬೇಕಾದ್ದು ಅದೇ, ಕಿಟ್ ಮಾಮ ನಿಮಗೆಲ್ಲ ಹೇಳಿದಾರೆ. ಆದ್ರೆ ಗ್ಲೌಸ್ ಇನ್ನೂ ಕೈಯಲ್ಲಿತ್ತು. ಒಳಗಿರೋದು ಚೇಳಲ್ಲ, ಇರುವೆಯಲ್ಲ, ಸುಣ್ಣ ಅಂತ ಇವರಿಗೆ ಹೇಗೆ ಗೊತ್ತಾಯ್ತು?"



ದೊಡ್ಡಣ್ಣ ಕುಸಿದು ಕುಳಿತ. "ಈ ಗೋಲಲ್ಲಿ ತಲೆಗೂದಲು ನೆರೆಸಿಕೊಂಡೆ. ನನ್ನನ್ನ ನೋಡೋಕೆ ಒಬ್ಬನೂ ಬರ್ಲಿಲ್ಲ. ಎಲ್ಲಿಂದಲೋ ಬಂದವನನ್ನ ನೋಡೋಕೆ ದೊಡ್ಡ ಕ್ಲಬ್ಬಿನವರು ಬರ್ತಾರೆ. ಇದೊಂದು ಆಟ ತಪ್ಪಿದ್ರೆ ಸಾಕಿತ್ತು. ಇಷ್ಟು ಸುಡುತ್ತೆ ಅಂತ..."

"ಅಂತ ಗೊತ್ತಿರ್ಲಿಲ್ವಾ ಅಣ್ಣಾ?" ಗಡಿ ಎಲ್ಲರೆದುರು ಮೊದಲ ಸಲ ಮಾತಾಡಿದ. "ಕೀಪರಿನ ಕೈ ಸುಟ್ರೆ ಏನು ಉಳಿಯುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ದೊಡ್ಡಣ್ಣ ಮುಖ ತಿರುಗಿಸಿದ. ಇನ್‌ಸ್ಪೆಕ್ಟರ್ ಅವನನ್ನು ಎಬ್ಬಿಸಿ ತಾನು ಕರೆಸಿ ಬಾಗಿಲ ಬಳಿ ನಿಲ್ಲಿಸಿದ್ದ ಪೇದೆಗೆ ಒಪ್ಪಿಸಿದಳು.

ಹೊರಗೆ ಜನ ತುಂಬುತ್ತಿದ್ದರು. ಮ್ಯಾನೇಜರ್ ಮುಖದ ಮೇಲೆ ನಗು ಎಳೆದುಕೊಂಡು ಗಡಿಯ ಹೆಗಲಿಗೆ ಕೈ ಹಾಕಿದ. "ಆಗಿದ್ದು ಆಗ್ಹೋಯ್ತು ಮರಿ. ಮನಸ್ಸಲ್ಲಿ ಇಟ್ಕೋಬೇಡ. ಹೊತ್ತಾಯ್ತು, ಬಟ್ಟೆ ಹಾಕ್ಕೊ."

ಗಡಿ ಆ ಕೈಯನ್ನು ಹೆಗಲಿಂದ ತೆಗೆದ. ತಣ್ಣಗೆ, ಮೈಮೇಲೆ ಬಿದ್ದ ಹುಳ ತೆಗೆದ ಹಾಗೆ.

"ಆಡ್ತೀನಿ. ಮೊದಲು ಫೋನ್ ಮಾಡಿ."

"ಯಾರಿಗೆ?"

"ಪರವಾನಗಿ ಕಚೇರಿಗೆ. ಬೆಳಿಗ್ಗೆ ಅಷ್ಟು ಬೇಗ ಮಾಡಿದ್ರಲ್ಲ, ಅವರಿಗೇ."

"ನಾಳೆ ಮಾಡಿದ್ರಾಯ್ತಪ್ಪ, ಈಗ ಆಟದ ಹೊತ್ತು..."

"ಈಗ," ಎಂದಳು ಇನ್‌ಸ್ಪೆಕ್ಟರ್. "ಇಲ್ಲೇ. ಇಲ್ಲಾಂದ್ರೆ ಸುಳ್ಳು ದೂರು ಕೊಟ್ಟಿದ್ದಕ್ಕೆ, ಕೂಡಿಹಾಕಿದ್ದಕ್ಕೆ ನಿಮ್ಮನ್ನೂ ಜೀಪ್ ಹತ್ತಿಸ್ತೀನಿ."

ಮ್ಯಾನೇಜರ್ ಫೋನ್ ತೆಗೆದ. ಆ ಕಡೆ ಯಾರೋ ಎತ್ತಿಕೊಂಡರು. ಅವನು ಗೋಡೆ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟು ಪಿಸುಗುಟ್ಟಿದ. "ಬೆಳಿಗ್ಗೆ ನಾನು ಹೇಳಿದ್ದು... ಸುಳ್ಳು. ಆ ಹುಡುಗ ಏನೂ ಮಾಡಿಲ್ಲ..."

ಗಡಿ ಅವನ ಎದುರಿಗೆ ಹೋಗಿ ನಿಂತ. ತಂಡವೆಲ್ಲ ನೋಡುತ್ತಿತ್ತು.

"ಕೇಳಿಸ್ಲಿಲ್ಲ," ಎಂದ. "ಜೋರಾಗಿ ಹೇಳಿ. ನನ್ನ ಹೆಸರು ಹಿಡಿದು ಹೇಳಿ."

ಮ್ಯಾನೇಜರ್ ಬಾಯಿ ತೆರೆದ. ಮುಚ್ಚಿದ. ಕೋಚ್ ಕಡೆ ನೋಡಿದ, ಆಟಗಾರರ ಕಡೆ ನೋಡಿದ. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಆ ಕೋಣೆಯಲ್ಲಿದ್ದ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ.