ಠಸ್ಸೆಯ ಕೆಳಗಿನ ಹೆಸರು

"ಅಲುಗಾಡಿದ್ರೆ ಸುಟ್ಟುಬಿಡ್ತೀನಿ!"

ಪಿಸ್ತೂಲು ನನ್ನ ಪಕ್ಕೆಲುಬಿಗೆ ಒತ್ತಿಕೊಂಡಿತ್ತು. ಹಿಡಿದವನು ಹಾಯ್ಟ್. ಹಳೇ ಅಂಚೆ ಲಕೋಟೆಗಳ ಬಿಳಿಯ ವ್ಯಾಪಾರಿ ಕಟ್ಲರ್ ಡ್ರೇಹಾನ್ ಸಾಕಿಕೊಂಡ ಗೂಂಡಾ. ಎಮ್ಮೆಯ ಕತ್ತು, ಇಲಿಯ ಕಣ್ಣು.

ಅಮೆರಿಕದ ಜಾರ್ಜಿಯಾದ ಮೇಕನ್ ಊರು. ಅಂಚೆ ಪ್ರದರ್ಶನ ನಡೆಯುತ್ತಿದ್ದ ಹಾಲ್‌ನ ಹಿಂದಿನ ಪಾರ್ಕಿಂಗ್ ಜಾಗ. ಮಟಮಟ ಮಧ್ಯಾಹ್ನ!

"ಕವರ್ ಕೊಡೋ, ರೂಫಸ್ ಪೆಟಿಗ್ರೂ."

"ಯಾವ ಕವರ್?"

ಪಿಸ್ತೂಲಿನ ಹಿಡಿಯಿಂದ ಬಾಯಿಗೆ ಒಂದು ಬಿಟ್ಟ. ಒಂದು ಹಲ್ಲು ಹೋಯಿತು.

"ಈಗ ನೆನಪಾಯ್ತಾ?"

ನೆನಪಿಲ್ಲದೆ ಏನು! ಅದು ನನ್ನ ಅಂಗಿಯೊಳಗೇ ಇತ್ತು. ಸ್ವಲ್ಪ ಮುಂಚೆ ಡ್ರೇಹಾನ್‌ನ ಕಾರಿನಿಂದ ಎತ್ತಿದ್ದೆ. ಕದ್ದೆ ಅನ್ನಬೇಡಿ... ಕಳ್ಳನಿಂದ ವಾಪಸ್ ತಂದೆ ಅನ್ನಿ. ನನ್ನ ಕಸುಬೇ ಅದು.

ಕವರ್ ನನ್ನನ್ನು ಗೊತ್ತುಮಾಡಿದ ವರ್ಲೀನ್ ಮೇಬ್ರಿ ಎಂಬ ಹೆಂಗಸಿನದು. ಉತ್ತರ-ದಕ್ಷಿಣದವರು ಗುಲಾಮಗಿರಿಯ ವಿಷಯಕ್ಕೆ ಹೊಡೆದಾಡಿದ ಕಾಲದ ಲಕೋಟೆ. ಕಾಗದಕ್ಕೂ ಬರ ಬಂದಿದ್ದರಿಂದ ಗೋಡೆಗೆ ಅಂಟಿಸುವ ಹೂವಿನ ಕಾಗದ ಕತ್ತರಿಸಿ ಮಾಡಿದ್ದು. ಮೇಲೆ ಕಾನ್ಫೆಡರೇಟ್, ಅಂದರೆ ದಕ್ಷಿಣದವರ, ಅಂಚೆಮನೆಯ ಒಂದು ದುಂಡು ಠಸ್ಸೆ. ಅಂಥದ್ದು ಸಿಗುವುದೇ ಅಪರೂಪ. ಆ ಕರಿ ಉಂಗುರಕ್ಕಾಗಿ ಹೆಂಡತಿಯನ್ನೂ ಅಡ ಇಡುವ ಸಂಗ್ರಹಕಾರರಿದ್ದಾರೆ!

ವರ್ಲೀನ್‌ಗೆ ಠಸ್ಸೆ ಬೇಕಿರಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಬೇಕಿತ್ತು. 'ಐಸಮ್ ಕೈಲಿ ಕಳಿಸಿದೆ.'

ಐಸಮ್ ಅವಳ ಮುತ್ತಜ್ಜನ ಅಪ್ಪ. ಗುಲಾಮ. ಧಣಿಯ ಕಾಗದವನ್ನು ದಂಡಿನಿಂದ ಅಂಚೆಮನೆಗೆ ಹೊತ್ತವನು. ಸರ್ಕಾರದ ಲೆಕ್ಕದಲ್ಲಿ ಅವನು ಬರೀ ಒಂದು ತಲೆ. ಅವನ ಹೆಸರು ಉಳಿದದ್ದು ಅಲ್ಲೊಂದೇ ಕಡೆ.

"ತಜ್ಞರಿಗೆ ತೋರಿಸಿ ತರ್ತೀನಿ" ಅಂತ ಡ್ರೇಹಾನ್ ಒಯ್ದ. ಆಮೇಲೆ "ಯಾವ ಕವರ್?" ಅಂದ.

ಅವನ ಮಾತನ್ನೇ ನಾನು ಹಾಯ್ಟ್‌ಗೆ ಹೇಳಿದ್ದು. ಅವನಿಗೆ ಹಾಸ್ಯ ಹಿಡಿಸಲಿಲ್ಲ.

ಬಾಯಲ್ಲಿದ್ದ ರಕ್ತವನ್ನು ಅವನ ಕಣ್ಣಿಗೇ ಉಗಿದೆ. ಮೊಣಕಾಲಿನಿಂದ ಎಲ್ಲಿಗೆ ಕೊಡಬೇಕೋ ಅಲ್ಲಿಗೇ ಕೊಟ್ಟೆ.

ಓಡಿದೆ!

ಢಂ! ಪಕ್ಕದ ಕಾರಿನ ಗಾಜು ಪುಡಿಯಾಯಿತು. ಅಡುಗೆಮನೆಯ ಬಾಗಿಲು ಒದ್ದು ಒಳಗೆ ನುಗ್ಗಿದೆ. ಬೇಯಿಸಿದ ಕಡಲೇಕಾಯಿಯ ಹಂಡೆ ಉರುಳಿಸಿದೆ. ಹಿಂದೆ ಹಾಯ್ಟ್ ಜಾರಿ ಬಿದ್ದ ಸದ್ದು... ಹಾಲ್‌ನೊಳಗೆ ಬಿದ್ದೆ. ಭೂತಗನ್ನಡಿ ಹಿಡಿದ ಮುದುಕರೆಲ್ಲ ಒಟ್ಟಿಗೆ ಕಿರುಚಿದರು.

"ಅಯ್ಯೋ, ಮೇಜಿನ ಮೇಲೆ ರಕ್ತ ಸುರಿಸ್ಬೇಡಯ್ಯಾ!"

ನನ್ನ ಪ್ರಾಣ ಹೋದರೂ ಚಿಂತೆಯಿಲ್ಲ, ಲಕೋಟೆಗೆ ಕಲೆ ಆಗಬಾರದು! ಎಂಥಾ ಜನ!

ತಜ್ಞರ ಮೇಜಿನ ಮುಂದೆ ವರ್ಲೀನ್ ಬೆಳಗಿನಿಂದ ದೂರು ಕೊಟ್ಟು ಕೂತಿದ್ದಳು. ಕವರನ್ನು ಅವಳ ಮುಂದಿಟ್ಟೆ. ನೋಡಿದಳು. ಮುಖ ಬಾಡಿತು.

"ರೂಫಸ್... ಹೆಸರಿಲ್ಲ."

ಬಗ್ಗಿ ನೋಡಿದೆ. ಠಸ್ಸೆ ಇತ್ತು. ಪೆನ್ಸಿಲ್ ಬರಹ ಮಾಯ!

ಅಷ್ಟರಲ್ಲಿ ಡ್ರೇಹಾನ್ ಬಂದ. ನಗುತ್ತಲೇ ಬಂದ.

"ನನ್ನ ಕಾರಿಂದ ಕದ್ದ ಮಾಲು ಅದು. ಪೊಲೀಸರನ್ನ ಕರೀರಿ. ಈ ಕರಿ ಜನಕ್ಕೆ ಕದಿಯೋದು ಹುಟ್ಟುಗುಣ."

"ನಮ್ಮ ಹಿರೀಕನ ಹೆಸರಿತ್ತು ಅದ್ರಲ್ಲಿ!" ಎಂದಳು ವರ್ಲೀನ್.

"ಇತ್ತಾ? ಎಲ್ಲಿ, ತೋರ್ಸಮ್ಮ ನೋಡೋಣ."

ಅವನ ಕುತ್ತಿಗೆಗೆ ಕೈ ಹಾಕುವವನಿದ್ದೆ. ತಜ್ಞ ವಿನ್‌ಫೀಲ್ಡ್ ಓಡಮ್ ಬೆರಳೆತ್ತಿ ತಡೆದ. ಕಡ್ಡಿಯಂಥ ಮುದುಕ. ಕಣ್ಣಿಗೆ ಭೂತಗನ್ನಡಿಯ ಗಾಜು ಒತ್ತಿಕೊಂಡು ಕವರಿನ ಮೇಲೆ ಬಗ್ಗಿದ್ದ.

"ರಬ್ಬರ್ ಹಾಕಿದ್ದೀಯಾ, ಡ್ರೇಹಾನ್?"

"ಕೊಳೆ ಒರೆಸಿದೆ. ಎಲ್ರೂ ಒರೆಸ್ತಾರೆ. ಶುದ್ಧವಾಗಿದ್ರೇ ತಾನೆ ರೇಟು?"

"ಮೊದ್ಲು ಯಾವುದು, ಪೆನ್ಸಿಲ್ಲಾ ಠಸ್ಸೆಯಾ?"

"ಏನು ಮಾತು?"

"ಹೆಸರು ಬರೆದು ಆಳಿನ ಕೈಗೆ ಕೊಟ್ರು. ಆಮೇಲೆ ತಾನೆ ಕಾಗದ ಅಂಚೆಮನೆಗೆ ಹೋಗಿದ್ದು? ಠಸ್ಸೆ ಬಿದ್ದಿದ್ದು ಹೆಸರಿನ ಮೇಲೆ."

"ಅದಕ್ಕೆ?"

"ಪೆನ್ಸಿಲ್ ಗೆರೆ ಮೇಲೆ ಕೂತ ಶಾಯಿ ಕಾಗದಕ್ಕೆ ಇಳಿದೇ ಇಲ್ಲ ಕಣಯ್ಯ. ನೀನು ಗೆರೆ ಉಜ್ಜಿದೆ. ಜೊತೆಗೆ ಶಾಯಿಯೂ ಎದ್ದು ಬಂತು."

ಗಾಜನ್ನು ವರ್ಲೀನ್ ಕೈಗೆ ಕೊಟ್ಟ. ಅವಳು ನೋಡಿದಳು. ನಾನೂ ಇಣುಕಿದೆ.

ಕರಿ ಉಂಗುರದ ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳು... ಐಸಮ್!

ನಾನು ಅಳುವವನಲ್ಲ. ಅವತ್ತು ಕಣ್ಣು ಒರೆಸಿಕೊಂಡೆ.

"ಈಕೆ ದೂರಿನಲ್ಲಿ ಬರೆದ ಹೆಸರು, ಬರೆದ ಜಾಗ. ಎರಡೂ ಸರಿಯಾಗಿದೆ," ಎಂದ ಓಡಮ್. "ಪೊಲೀಸರನ್ನ ಕರೀಬೇಕು ಅಂದ್ಯಲ್ಲ... ಕರೀಲಾ?"

ಡ್ರೇಹಾನ್ ಮುಖ ಸುಟ್ಟ ಬದನೆಕಾಯಿ. ಹಾಯ್ಟ್ ಬಾಗಿಲಿನಿಂದಲೇ ಜಾಗ ಖಾಲಿ ಮಾಡಿದ.

"ಇಟ್ಕೊಳ್ಳೇ! ಠಸ್ಸೆ ಹಾಳಾಯ್ತಲ್ಲ. ಇನ್ನು ಅದಕ್ಕೆ ಮೂರು ಕಾಸೂ ಹುಟ್ಟಲ್ಲ!" ಎಂದ ಡ್ರೇಹಾನ್.

"ಮಾರ್ತೀನಿ ಅಂತ ಯಾರಯ್ಯ ಹೇಳಿದ್ದು ನಿಂಗೆ?" ಎಂದಳು ವರ್ಲೀನ್.

ಐಸಮ್ ಜೀವಮಾನವೆಲ್ಲ ಬಿಳಿಯರ ಬಿಟ್ಟಿ ಚಾಕರಿ ಮಾಡಿದವನು.

ರಬ್ಬರ್ ಹಿಡಿದು ಅವನ ಹೆಸರು ಬರೆಯಲು ಒಬ್ಬ ಬಿಳಿಯ ಬಿಟ್ಟಿ ಚಾಕರಿ ಮಾಡಿದ್ದು ಅದೇ ಮೊದಲು!